ಸಪೋರ್ಟ್ ಮುಗಿದ ಹಳೆ ಕಂಪ್ಯೂಟರನ್ನು ಬಿಸಾಕಬೇಕಾ?

ಪ್ರಶ್ನೆ: ಕಾರಟಗಿಯಲ್ಲಿ ನಂದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. 2014ರಲ್ಲಿ ತಗೊಂಡ ಡೆಸ್ಕ್‌ಟಾಪ್, ಈಗ ವಿಂಡೋಸ್ 10 ಇದೆ. ಸಪೋರ್ಟ್ ಮುಗಿದಿದೆ ಅಂತ ಪರದೆ ಮೇಲೆ ಬರ್ತಿದೆ. ಮದುವೆ ಕಾರ್ಡು, ಜಾತ್ರೆ ಕರಪತ್ರ, ಅರ್ಜಿ ಎಲ್ಲಾ ಇದರಲ್ಲೇ. ಹೊಸದು ತಗೊಳ್ಳೋ ಶಕ್ತಿ ಸದ್ಯಕ್ಕಿಲ್ಲ. ಇದನ್ನ ಬಿಸಾಕಲೇಬೇಕಾ?

ಬಿಸಾಕಬೇಡಿ. ಅದರೊಳಗೆ ಏನಿದೆ ಅಂತ ನೋಡಿಕೊಳ್ಳುವ ತನಕವಂತೂ ಗುಜರಿಯವನಿಗೆ ತೋರಿಸಲೇಬೇಡಿ. ಗಂಗಾವತಿಯ ನನ್ನ ರಿಪೇರಿ ಅಂಗಡಿಗೆ ಇದೇ ಪ್ರಶ್ನೆ ಹಿಡಿದು ಬರುವವರೆಲ್ಲ ಯಂತ್ರದ ಬಗ್ಗೆ ಕೇಳುತ್ತಾರೆ. ನನಗೆ ಚಿಂತೆ ಇರುವುದು ಯಂತ್ರದೊಳಗಿನ ಕನ್ನಡದ ಬಗ್ಗೆ. ಅಲ್ಲಿಗೆ ಬರುತ್ತೇನೆ.

ಮೊದಲು, ಮುಗಿದದ್ದು ಏನು? 2015ರ ಜುಲೈಯಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರವರೆಗೆ ಪ್ರತಿ ತಿಂಗಳು ಉಚಿತವಾಗಿ ತೇಪೆ, ಅಂದರೆ ಭದ್ರತಾ ಅಪ್‌ಡೇಟ್, ಹಾಕುತ್ತಿತ್ತು. ಆ ಕೆಲಸ ನಿಂತಿದೆ, ಕಂಪ್ಯೂಟರ್ ನಿಂತಿಲ್ಲ. ನಮ್ಮ ಎಡದಂಡೆ ಕಾಲುವೆಯ ಏರಿ ಕಾಯುವವರು ಕೆಲಸ ಬಿಟ್ಟರೆ ಮರುದಿನವೇ ನೀರು ನಿಲ್ಲುತ್ತದೆಯೇ? ಇಲ್ಲ, ಎಂದಿನಂತೆಯೇ ಹರಿಯುತ್ತದೆ. ಆದರೆ ಏರಿಯಲ್ಲಿ ಇಲಿ ಬಿಲ ತೋಡಿದರೆ ಮುಚ್ಚುವವರಿಲ್ಲ. ಇಲ್ಲಿ ಇನ್ನೊಂದು ತೊಡಕಿದೆ. ವಿಂಡೋಸ್ 11ಕ್ಕೆ ಬರುವ ಹೊಸ ತೇಪೆಗಳನ್ನು ನೋಡಿಯೇ ಕಳ್ಳರು ವಿಂಡೋಸ್ 10ರಲ್ಲೂ ಅದೇ ಜಾಗದಲ್ಲಿ ಬಿಲ ಇರಬಹುದು ಅಂತ ಊಹಿಸಬಲ್ಲರು. ಹಾಗಾಗಿ ದಿನ ಕಳೆದಂತೆ ಅಪಾಯ ಹೆಚ್ಚುತ್ತದೆ.

ಮುಂದೆ ಹೋಗುವ ಮುಂಚೆ ಕೆಳಗಿನ ಮೂಲೆಯಲ್ಲಿ ಇವತ್ತಿನ ತಾರೀಖು ಸರಿಯಾಗಿದೆಯೇ ನೋಡಿ. "ಯಾವ ಸೈಟೂ ತೆರೆಯವಲ್ದು, ಸುರಕ್ಷಿತವಲ್ಲ ಅಂತೈತಿ, ಸಪೋರ್ಟ್ ಹೋತಲ್ರೀ" ಅಂತ ಹೊತ್ತು ತಂದ ಎಷ್ಟೋ ಯಂತ್ರಗಳಲ್ಲಿ ಕೆಟ್ಟಿದ್ದು ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ಲು ಮಾತ್ರ. ಸಿಆರ್2032, ಮೂರು ವೋಲ್ಟಿನದು, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಅದು ಸತ್ತರೆ ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರಿನ ತಾರೀಖು ಹತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ಜಾಲತಾಣಗಳ ಪ್ರಮಾಣಪತ್ರಕ್ಕೆ ಶುರು ದಿನ, ಕೊನೆ ದಿನ ಇರುತ್ತವೆ. ನಿಮ್ಮ ಯಂತ್ರ ಇನ್ನೂ 2014ರಲ್ಲಿದ್ದರೆ ಅದರ ಲೆಕ್ಕದಲ್ಲಿ ಆ ಪ್ರಮಾಣಪತ್ರ ಹುಟ್ಟಿಯೇ ಇಲ್ಲ, ಅದಕ್ಕೇ ಬ್ರೌಸರ್ ಬಾಗಿಲು ಹಾಕುತ್ತದೆ. ಸೆಲ್ಲು ಬದಲಿಸಿ, ತಾರೀಖು ಸರಿಪಡಿಸಿ, ಆಮೇಲೆ ಉಳಿದದ್ದು.

ನಿಮ್ಮ 2014ರ ಯಂತ್ರಕ್ಕೆ ವಿಂಡೋಸ್ 11 ಆಗಿಬರುವುದಿಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಹೆಸರಿನಲ್ಲಿ ಅಡ್ಡಗೆರೆಯ ನಂತರದ ಅಂಕಿ ನೋಡಿ: ಐ3-4130 ಅಂದರೆ ನಾಲ್ಕನೇ ಪೀಳಿಗೆ. ಈ ತಪಾಸಣೆ ತಪ್ಪಿಸಿ ವಿಂಡೋಸ್ 11 ಕೂರಿಸಿಕೊಡುವವರು ಊರೂರಲ್ಲಿ ಇದ್ದಾರೆ. ಹಾಗೆ ಕೂರಿಸಿದ್ದಕ್ಕೆ ಅಪ್‌ಡೇಟ್ ಬರುವ ಖಾತ್ರಿ ಇಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. ಹೊಟ್ಟೆಪಾಡಿನ ಯಂತ್ರಕ್ಕೆ ನಾನಂತೂ ಹಾಗೆ ಮಾಡುವುದಿಲ್ಲ.

ಒಂದು ವರ್ಷದ ವಾಯಿದೆ ಮಾತ್ರ ಇದೆ. ಮನೆಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆ ಸಿಗುವ ಇಎಸ್‌ಯು ಎಂಬ ಯೋಜನೆಗೆ ಹೆಸರು ನೋಂದಾಯಿಸಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕು ಸೆಟ್ಟಿಂಗ್ಸ್ ಸಿಂಕ್ ಮಾಡಿದರೆ ದುಡ್ಡು ಕೊಡಬೇಕಿಲ್ಲ, ಇಲ್ಲವಾದರೆ 30 ಡಾಲರ್. ಯಂತ್ರದಲ್ಲಿ 22ಎಚ್2 ಆವೃತ್ತಿ ಇರಬೇಕು. ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಆ ಕೊಂಡಿ ಕಂಡರೆ ಒತ್ತಿ. ಅಷ್ಟು ಕಾಲ ನಿಮ್ಮ ಕೈಗೆ ಸಿಕ್ಕಂತೆ.

ಆ ಕಾಲದಲ್ಲಿ ಮಾಡಬೇಕಾದ ಕೆಲಸವೇ ನಾನು ಹೇಳಬೇಕೆಂದಿದ್ದದ್ದು.

ಕನಕಗಿರಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಒಂದು ದಿನ ಪೆನ್‌ಡ್ರೈವ್ ತಂದರು. ಸುತ್ತಲಿನ ಹಳ್ಳಿಗಳ ಬಯಲಾಟದ ಹಾಡು, ಮಾತು ಎಲ್ಲವನ್ನೂ ವರ್ಷಗಟ್ಟಲೆ ಕೂತು ಟೈಪ್ ಮಾಡಿಟ್ಟಿದ್ದರು. ಮಗ ಹೊಸ ಲ್ಯಾಪ್‌ಟಾಪ್ ಕೊಡಿಸಿ, ಹಳೆಯದನ್ನು ಗುಜರಿಗೆ ಹಾಕಿದ್ದ. ಹೊಸದರಲ್ಲಿ ಫೈಲು ತೆರೆದರೆ ಕನ್ನಡವೇ ಇಲ್ಲ. ಪುಟದ ತುಂಬ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ತಲೆ ಮೇಲೆ ಗೆರೆ ಹೊತ್ತ ಎ. "ವೈರಸ್ ತಿಂದುಬಿಡ್ತೇನಪ್ಪ?" ಅಂದರು. ಕೈ ನಡುಗುತ್ತಿತ್ತು.

ಏನೂ ತಿಂದಿರಲಿಲ್ಲ. ಅವರು ಟೈಪ್ ಮಾಡಿದ್ದು "ನುಡಿ" ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ. ಕನ್ನಡ ಗಣಕ ಪರಿಷತ್ತಿನ ನುಡಿ, ಅದಕ್ಕೂ ಮುಂಚೆ 1998ರಲ್ಲಿ ಬಂದ ಬರಹ, ಇವು ಇಲ್ಲದಿದ್ದರೆ ನಮ್ಮ ಭಾಗದಲ್ಲಿ ಡಿಟಿಪಿ ಅಂಗಡಿಯೇ ಹುಟ್ಟುತ್ತಿರಲಿಲ್ಲ. ಆದರೆ ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರಗಳನ್ನು ಬಾಡಿಗೆಗೆ ಕೂರಿಸಿದವು. ನೀವು "ಕನ್ನಡ" ಎಂದು ಬರೆದರೆ ಫೈಲಿನೊಳಗೆ ಉಳಿಯುವುದು ದೊಡ್ಡ ಪಿ, ಗೆರೆ ಹೊತ್ತ ಎ, ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಎ. ನುಡಿ ಫಾಂಟ್ ಇರುವವರೆಗೆ ಇದು ಕನ್ನಡವಾಗಿ ಕಾಣುತ್ತದೆ, ಫಾಂಟ್ ಇಲ್ಲದ ಕಡೆ ಬಾಡಿಗೆಯವರು ಮಾಯ. ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಹಾಗಲ್ಲ, ನಮ್ಮ ಅಕ್ಷರಗಳಿಗೆ ಸ್ವಂತ ಮನೆ ಇದೆ. ಕ ಅಂದರೆ 3221ನೇ ಸಂಖ್ಯೆ, ಯಾವ ದೇಶದ ಯಾವ ಯಂತ್ರಕ್ಕೆ ಹೋದರೂ ಅದು ಕ ಆಗಿಯೇ ಇರುತ್ತದೆ.

ಮೇಷ್ಟ್ರ ಲ್ಯಾಪ್‌ಟಾಪಿಗೆ ನುಡಿ ಫಾಂಟ್ ಹಾಕಿದೆ, ಹಾಡುಗಳು ಬಂದವು. ಅರ್ಧ ಮಾತ್ರ. ಉಳಿದರ್ಧ, ಅಚ್ಚಿಗೆ ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್ ಫೈಲುಗಳು. ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತೇ ಇಲ್ಲ, ಅದರ ಜಾಗಕ್ಕೆ ಬಂದ ಇನ್‌ಡಿಸೈನ್ ಕೂಡ ಸಿಎಸ್6 ನಂತರ ಆ ಫೈಲುಗಳನ್ನು ತೆರೆಯುವುದಿಲ್ಲ. ಪೇಜ್‌ಮೇಕರ್ ಇನ್ನೂ ಉಸಿರಾಡುತ್ತಿದ್ದ ಒಂದು ಯಂತ್ರ ಹುಡುಕಲು ಸಿಂಧನೂರು, ಸಿರುಗುಪ್ಪ ಎಲ್ಲ ಅಲೆದು ಮೂರು ವಾರ ಹಿಡಿಯಿತು. ಅವರು ಗುಜರಿಗೆ ಹಾಕಿದ್ದೂ ಅಂಥದೇ ಯಂತ್ರ.

ನಿಮ್ಮ ಹತ್ತಿರ ಆ ಯಂತ್ರ ಇನ್ನೂ ಇದೆ. ಅದು ನಡೆಯುತ್ತಿರುವಾಗಲೇ ಪ್ರತಿ ಪೇಜ್‌ಮೇಕರ್ ಫೈಲಿನ ಪಿಡಿಎಫ್ ತೆಗೆದಿಡಿ, ಅದರೊಳಗಿನ ಪಠ್ಯವನ್ನು ನಕಲು ಮಾಡಿ ಬೇರೆ ಫೈಲಿಗೆ ಹಾಕಿ. ನುಡಿಯಿಂದ ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಕಣ್ಣಿಟ್ಟು ಓದಿ. ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದು ತಿಳಿದು ಕಲಸಿಹಾಕುತ್ತದೆ. ಅರ್ಕಾವೊತ್ತು ಇರುವ ಪದಗಳನ್ನೂ ಒಮ್ಮೆ ನೋಡಿ, "ಕಾರ್ಯಕ್ರಮ"ದಂಥವು ಕೆಲವೊಮ್ಮೆ ಎಡವುತ್ತವೆ. ಎಲ್ಲವನ್ನೂ ಎರಡು ಕಡೆ ಇಡಿ, ಎರಡರಲ್ಲಿ ಒಂದು ಅಂಗಡಿಯಿಂದ ಹೊರಗಿರಲಿ. ಹೊಸ ಕೆಲಸಕ್ಕೆ ಹಳೆಯ ಫಾಂಟ್ ಬೇಡ. ಈಗಿನ ನುಡಿ, ಬರಹ ಎರಡರಲ್ಲೂ ಯೂನಿಕೋಡ್ ಆಯ್ಕೆ ಇದೆ. "ಯೂನಿಕೋಡಿನಲ್ಲಿ ಕಾರ್ಡಿಗೆ ಚಂದದ ಅಕ್ಷರ ಇಲ್ಲ" ಎಂಬ ದೂರು ಮೊದಲು ನನ್ನದೂ ಆಗಿತ್ತು. ಈಗ ಬಾಲೂ ತಮ್ಮ, ತಿರೋ ಕನ್ನಡದಂಥವು ಉಚಿತವಾಗಿ ಸಿಗುತ್ತವೆ, ಅಚ್ಚಿನಲ್ಲಿ ಒಳ್ಳೆಯದಾಗಿಯೇ ಬರುತ್ತವೆ.

ಇನ್ನು ದುಡ್ಡಿನ ವಿಷಯ. ಬ್ಯಾಂಕು, ಯುಪಿಐ, ಗಿರಾಕಿಗಳ ಆಧಾರ್ ಪ್ರತಿ, ಇವು ಯಾವುದೂ ತೇಪೆ ನಿಂತ ಯಂತ್ರದಲ್ಲಿ ಬೇಡ. ಅದಕ್ಕೆ ಅಪ್‌ಡೇಟ್ ಬರುವ ಫೋನು ಸಾಕು. ಗಿರಾಕಿ ಕೊಡುವ ಪೆನ್‌ಡ್ರೈವ್‌ಗಳೇ ನಮ್ಮಂಥ ಅಂಗಡಿಗಳಿಗೆ ದೊಡ್ಡ ಕಂಟಕ. ಯಾರ ಪೆನ್‌ಡ್ರೈವೇ ಆಗಲಿ, ಸ್ಕ್ಯಾನ್ ಮಾಡದೆ ತೆರೆಯಬೇಡಿ.

ಫೈಲು ಉಳಿಸಿಕೊಂಡ ಮೇಲೆ ಯಂತ್ರಕ್ಕೆ ಎರಡನೇ ಜನ್ಮ ಕೊಡಬಹುದು. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ವೇಗದ ವ್ಯತ್ಯಾಸ ಮೊದಲ ದಿನವೇ ಕಾಣುತ್ತದೆ. ತೆಗೆದ ಡಿಸ್ಕನ್ನು ಮಾರಬೇಡಿ, ಹಾಗೇ ಎತ್ತಿಡಿ. ಎಸ್‌ಎಸ್‌ಡಿಗೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಹಾಕಿ, ಅದರಲ್ಲೂ ಎಕ್ಸ್‌ಎಫ್‌ಸಿಇ ಎಂಬ ಹಗುರ ರೂಪ. ನಾಲ್ಕು ಜಿಬಿ ರ‍್ಯಾಮ್ ಇದ್ದರೆ ಆರಾಮಾಗಿ ಓಡುತ್ತದೆ. ಮಿಂಟ್ 22ಕ್ಕೆ 2029ರವರೆಗೆ ತೇಪೆ ಬರುತ್ತದೆ, ದುಡ್ಡು ಕೇಳುವುದಿಲ್ಲ. ಟೈಪಿಂಗ್ ಬಗ್ಗೆ ಹೆದರಬೇಡಿ: ನುಡಿಯ ಕೀಲಿಮಣೆಗೆ ಆಧಾರವಾದ ಕೆ.ಪಿ. ರಾವ್ ಅವರ ವಿನ್ಯಾಸ ಲಿನಕ್ಸಿನಲ್ಲೂ ಕೆಜಿಪಿ ಎಂಬ ಹೆಸರಿನಲ್ಲಿ ಸಿಗುತ್ತದೆ, ನಿಮ್ಮ ಬೆರಳು ಹೊಸದೇನೂ ಕಲಿಯಬೇಕಿಲ್ಲ. ಪತ್ರ, ಅರ್ಜಿಗೆ ಲಿಬ್ರೆ ಆಫೀಸ್, ಕಾರ್ಡಿಗೆ ಇಂಕ್‌ಸ್ಕೇಪ್.

ತೊಡಕು ಪ್ರಿಂಟರಿನದು. ಕೆಲವು ಹಳೆಯ ಲೇಸರ್ ಪ್ರಿಂಟರುಗಳು, ಬೆರಳ ಗುರುತು ಓದುವ ಯಂತ್ರಗಳು ಲಿನಕ್ಸ್ ಜೊತೆ ಹೊಂದುವುದಿಲ್ಲ. ಅದಕ್ಕೇ ಮಿಂಟನ್ನು ಮೊದಲು ಪೆನ್‌ಡ್ರೈವಿನಿಂದಲೇ ಶುರು ಮಾಡಿ ನೋಡಿ, ಡಿಸ್ಕಿನಲ್ಲಿ ಏನೂ ಅಳಿಸದೆ ಹಾಗೆ ಓಡಿಸಬಹುದು. ನಿಮ್ಮ ಪ್ರಿಂಟರಿನಲ್ಲಿ ಒಂದು ಮದುವೆ ಕಾರ್ಡು ತೆಗೆಯಿರಿ. ಚೆನ್ನಾಗಿ ಬಂದರೆ ಇನ್‌ಸ್ಟಾಲ್ ಮಾಡಿ. ಬರದಿದ್ದರೆ ವಿಂಡೋಸ್ 10ನ್ನೇ ಇಟ್ಟುಕೊಂಡು, ಇಂಟರ್‌ನೆಟ್ ವೈರು ಕಿತ್ತು, ಅಚ್ಚಿಗೆ ಮಾತ್ರ ಬಳಸಿ. ಬೇಸಿಗೆ ಹತ್ತುವ ಮುಂಚೆ ಕ್ಯಾಬಿನೆಟ್ ಬಿಚ್ಚಿ ಫ್ಯಾನಿಗೆ ಮೆತ್ತಿದ ರೈಸ್‌ಮಿಲ್ ದೂಳನ್ನು ಬ್ರಷ್‌ನಿಂದ ತೆಗೆಯಿರಿ, ಪ್ರೊಸೆಸರ್ ಮೇಲೆ ಒಣಗಿದ, ಬಿಸಿ ದಾಟಿಸುವ ಪೇಸ್ಟ್ ಒರೆಸಿ ಹೊಸದು ಹಚ್ಚಿಸಿ. ನಮ್ಮ ನಲವತ್ತು ಡಿಗ್ರಿ ಬಿಸಿಲಿನಲ್ಲಿ ಹಳೆ ಯಂತ್ರ ತಾನಾಗಿ ಆಫ್ ಆಗುವುದಕ್ಕೆ ಬಹಳ ಸಲ ಅದೇ ಕಾರಣ.