ಎಣಿಸುವ ಮೊದಲೇ ಬರುವ ಮೌಲ್ಯ: ಎಸಿ ಲೋಕಲ್ ಹಿಡಿದು ಒಂದು ಟಿಪ್ಪಣಿ

(ಭಾನುವಾರ ಮಾಟುಂಗಾದಲ್ಲಿ ಕೂತು ಓದುವ ನಮ್ಮ ಗುಂಪಿಗಾಗಿ)

ತಂತ್ರಜ್ಞಾನದ ಪರಿಣಾಮ ಅಳೆಯುವ ಬಗೆಗಿನ ನಮ್ಮ ಪಾಠದ ಮೊದಲ ಭಾಗ ಸುಲಭ. ಹೊಸ ತಂತ್ರಜ್ಞಾನದಿಂದ ಸಮಾಜಕ್ಕೆ ಏನಾಗಬಹುದು ಎಂದು ಅಳೆಯಲು ಅಮೆರಿಕದ ಸಂಸತ್ತು 1972ರಲ್ಲಿ ಒಂದು ಕಚೇರಿ ತೆರೆಯಿತು, 1995ರಲ್ಲಿ ಮುಚ್ಚಿತು. ನಮ್ಮಲ್ಲಿ ಇಂಥದ್ದೇ ಕೆಲಸಕ್ಕೆ 1988ರಿಂದ ಟೈಫ್ಯಾಕ್ ಎಂಬ ಸರ್ಕಾರಿ ಸಂಸ್ಥೆ ಇದೆ. ಇಷ್ಟು ಸಾಕು.

ಸಿಕ್ಕಿಕೊಳ್ಳುವುದು ಮುಂದೆ. ಪಾಠದ ಪ್ರಕಾರ, ಮೌಲ್ಯ ಬಿಟ್ಟು ಪರಿಣಾಮ ಅಳೆಯಲು ಆಗುವುದಿಲ್ಲವಂತೆ. ಯಾಕೆ? ಮೊದಲು ಎಣಿಸೋಣ, ಒಳ್ಳೆಯದೋ ಕೆಟ್ಟದ್ದೋ ಆಮೇಲೆ ಹೇಳೋಣ ಅನಿಸುತ್ತದೆ, ಅಲ್ವಾ?

ಮುಂಬೈಯ ಎಸಿ ಲೋಕಲ್ ರೈಲು ನೋಡಿ. ಪಶ್ಚಿಮ ರೈಲ್ವೆಯಲ್ಲಿ 2017ರ ಡಿಸೆಂಬರ್ 25ರಂದು ಶುರುವಾಯಿತು. ಬಾಗಿಲು ತಾನಾಗಿ ಮುಚ್ಚುತ್ತದೆ. ಯಾರೂ ಜೋತಾಡುವಂತಿಲ್ಲ. ಸುರಕ್ಷತೆ ಜಾಸ್ತಿಯಾಯಿತು. ಇದರಲ್ಲಿ ಮೌಲ್ಯ ಎಲ್ಲಿ ಬಂತು?

2022ರ ಆಗಸ್ಟ್‌ನಲ್ಲಿ ಮಧ್ಯ ರೈಲ್ವೆ ಮಾರ್ಗದ ಕಳ್ವಾ, ಬದ್ಲಾಪುರದ ಪ್ರಯಾಣಿಕರು ಪ್ರತಿಭಟನೆಗೆ ಇಳಿದರು. ಸಾದಾ ಲೋಕಲ್ ತೆಗೆದು ಅದರ ಟೈಮಿಗೆ ಎಸಿ ಬಿಟ್ಟಿದ್ದರು. ಎಸಿ ಪಾಸ್ ಇಲ್ಲದವರು ಮುಂದಿನ ಸಾದಾ ಗಾಡಿಗೇ ನುಗ್ಗಬೇಕು. ಅದರ ಬಾಗಿಲಲ್ಲಿ ಜೋತಾಡುವವರು ಇನ್ನೂ ಜಾಸ್ತಿ. ಕೊನೆಗೆ ಮಧ್ಯ ರೈಲ್ವೆ ಹೊಸದಾಗಿ ಸೇರಿಸಿದ್ದ 10 ಎಸಿ ಸರ್ವಿಸ್‌ಗಳನ್ನು ನಿಲ್ಲಿಸಿತು.

ಇಲ್ಲಿ ಸ್ವಲ್ಪ ನಿಲ್ಲಿ. ‘ಒಬ್ಬರಿಗೆ ಸುರಕ್ಷತೆ ಮುಖ್ಯ, ಇನ್ನೊಬ್ಬರಿಗೆ ಕಡಿಮೆ ದರ ಮುಖ್ಯ’ ಎಂದು ಸುಮ್ನೆ ಬರೆದು ಉತ್ತರ ಮುಗಿಸಬೇಡಿ. ಸುರಕ್ಷತೆ ಇಬ್ಬರಿಗೂ ಬೇಕು. ಎಸಿ ಗಾಡಿಯ ಒಳಗಿನವರನ್ನಷ್ಟೇ ಎಣಿಸಿದರೆ ಲಾಭ ಕಾಣುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ಉಳಿದವರನ್ನೂ ಎಣಿಸಿದರೆ ಲೆಕ್ಕವೇ ಬೇರೆ. ಯಾರ ತನಕ ಎಣಿಸಬೇಕು ಎಂದು ಯಾವ ಅಂಕಿಯೂ ಹೇಳಿಕೊಡುವುದಿಲ್ಲ. ಅದನ್ನು ಎಣಿಸುವವರೇ ಮೊದಲು ತೀರ್ಮಾನಿಸಿರುತ್ತಾರೆ. ಮೌಲ್ಯ ಕೂತಿರುವುದು ಆ ತೀರ್ಮಾನದಲ್ಲಿ.

ಟಿಕೆಟ್ ಕಥೆಯೂ ಹೀಗೇ. ಅದೇ ವರ್ಷ ಮೇನಲ್ಲಿ ಎಸಿ ಲೋಕಲ್‌ನ ಕನಿಷ್ಠ ದರ 65ರಿಂದ 30 ರೂಪಾಯಿಗೆ ಇಳಿಯಿತು. ತಿಂಗಳ ಪಾಸ್ ಮಾತ್ರ ಇಳಿಯಲಿಲ್ಲ. ದಿನಾ ಓಡಾಡುವವರ ಕೈಯಲ್ಲಿರುವುದು ಪಾಸೇ ತಾನೇ? ‘ದರ ಅರ್ಧವಾಯಿತು’ ಎಂಬ ವಾಕ್ಯದೊಳಗೆ ಅವರಿಲ್ಲ.

ನನಗೆ ಇಷ್ಟವಾದ ಉಪಾಯ: ಪುಸ್ತಕದಲ್ಲಿ ‘ಲಾಭ’, ‘ಉಳಿತಾಯ’, ‘ದಕ್ಷತೆ’ ಕಂಡಲ್ಲೆಲ್ಲ ಪೆನ್ಸಿಲಿನಲ್ಲಿ ‘ಯಾರಿಗೆ?’ ಎಂದು ಬರೆಯಿರಿ. ಬಾಂದ್ರಾ-ವರ್ಲಿ ಸೀ ಲಿಂಕ್ ಸೇತುವೆಯಿಂದ ಸಮಯ ಉಳಿತಾಯ. ಯಾರಿಗೆ? ಬೈಕಿಗೂ ರಿಕ್ಷಾಕ್ಕೂ ಅಲ್ಲಿ ಪ್ರವೇಶವೇ ಇಲ್ಲ.

ಪಾಠದಲ್ಲಿ ಉಳಿದದ್ದು ಡೇವಿಡ್ ಕಾಲಿಂಗ್ರಿಡ್ಜ್ ಎಂಬ ವಿದ್ವಾಂಸರು 1980ರಲ್ಲಿ ಹೇಳಿದ ಇಕ್ಕಟ್ಟು. ತಂತ್ರಜ್ಞಾನ ಹೊಸದಿದ್ದಾಗ ಬದಲಿಸುವುದು ಸುಲಭ, ಆದರೆ ಪರಿಣಾಮ ಗೊತ್ತಿರುವುದಿಲ್ಲ. ಗೊತ್ತಾಗುವ ಹೊತ್ತಿಗೆ ಬದಲಿಸುವುದು ಕಷ್ಟ. ಇದಕ್ಕೆ ಎಸಿ ಲೋಕಲ್ ಉದಾಹರಣೆ ಕೊಡಬೇಡಿ. ಆ 10 ಸರ್ವಿಸ್ ಕೆಲವೇ ದಿನಗಳಲ್ಲಿ ನಿಂತುಹೋದವು.