ಹೊಗೆ ಕುಡಿದು ಬೆಳೆದರೆ ಇಮ್ಯೂನಿಟಿ ಬರುತ್ತದಾ?

ಪ್ರಶ್ನೆ: ಮೇಡಂ, ನಮ್ಮ ಮನೆ ಮಂಗಳೂರಿನ ಬೈಕಂಪಾಡಿಯಲ್ಲಿ, ಹೈವೇ ಬದಿ. ಮಗನಿಗೆ ಆರು ವರ್ಷ, ಆಗಾಗ ಕೆಮ್ಮು. ಚಿಕ್ಕಂದಿನಲ್ಲೇ ಹೊಗೆ, ಹುಡಿ ಅಭ್ಯಾಸವಾದರೆ ಶ್ವಾಸಕೋಶ ಗಟ್ಟಿಯಾಗುತ್ತದೆ, ಇಮ್ಯೂನಿಟಿ ಬರುತ್ತದೆ ಎನ್ನುತ್ತಾರೆ ನಮ್ಮ ಮಾವ. ಹೌದಾ?

ಅಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಇದೇ ಪ್ರಶ್ನೆ ಊರಿನ ಹೆಸರು ಮಾತ್ರ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ನಂತೂರಿನವರು ಲಾರಿ ಹೊಗೆ ಎನ್ನುತ್ತಾರೆ, ಪಣಂಬೂರಿನವರು ಕಲ್ಲಿದ್ದಲ ಹುಡಿ, ಪಚ್ಚನಾಡಿಯವರು ಕಸದ ಬೆಂಕಿ. ಕೊನೆಗೆ ಎಲ್ಲರಿಗೂ ಬೇಕಾದದ್ದು ಒಂದೇ ಸಮಾಧಾನ: ಅಭ್ಯಾಸ ಆಗುತ್ತದೆ ಅಲ್ವಾ? ಹಾಗಾಗಿ ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸಿಬಿಡಬಹುದು.

ನಿಮ್ಮ ಮಾವನವರ ಮಾತಿನಲ್ಲಿ ಒಂದು ಚೂರು ಸತ್ಯ ಉಂಟು, ಅದಕ್ಕೇ ಈ ಮಾತು ಸಾಯುವುದಿಲ್ಲ. ಹಟ್ಟಿ (ದನದ ಕೊಟ್ಟಿಗೆ), ದನ, ಮಣ್ಣು ಇವುಗಳ ನಡುವೆ ಬೆಳೆದ ಮಕ್ಕಳಲ್ಲಿ ಅಲರ್ಜಿ, ದಮ್ಮು ಕಡಿಮೆ ಎನ್ನುವುದು ಸುಮ್ನೆ ಹೇಳುವ ಮಾತಲ್ಲ. ಅಮೆರಿಕದಲ್ಲಿ ಆಮಿಶ್ ಮತ್ತು ಹಟರೈಟ್ ಎಂಬ ಎರಡು ಕೃಷಿಕ ಸಮುದಾಯಗಳಿವೆ. ಇಬ್ಬರ ಮೂಲವೂ ಯುರೋಪ್, ಬದುಕುವ ರೀತಿಯೂ ಹೆಚ್ಚುಕಡಿಮೆ ಒಂದೇ. ಆದರೆ ಆಮಿಶರದ್ದು ಮನೆಗೆ ತಾಗಿಕೊಂಡ ಹಳೆ ಕ್ರಮದ ಹಟ್ಟಿ, ಹಟರೈಟರದ್ದು ದೂರದಲ್ಲಿ ಯಂತ್ರ ಹಾಕಿದ ದೊಡ್ಡ ಡೇರಿ. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆಮಿಶ್ ಶಾಲಾ ಮಕ್ಕಳಲ್ಲಿ ಆಸ್ತಮಾ ಶೇಕಡಾ 5ರಷ್ಟು, ಹಟರೈಟ್ ಮಕ್ಕಳಲ್ಲಿ ಶೇಕಡಾ 21ರಷ್ಟು. ದೊಡ್ಡ ವ್ಯತ್ಯಾಸವೇ. ಆದರೆ ಅಲ್ಲಿ ಕೆಲಸ ಮಾಡಿದ್ದು ಹಟ್ಟಿಯ ಹುಡಿಯಲ್ಲಿರುವ ಸೂಕ್ಷ್ಮಜೀವಿಗಳು. ಹಟ್ಟಿಯ ಹುಡಿ ಮತ್ತು ಲಾರಿಯ ಹೊಗೆ ಎರಡನ್ನೂ 'ಗಲೀಜು' ಎಂಬ ಒಂದೇ ಡಬ್ಬಕ್ಕೆ ಹಾಕಿದರೆ ಹೇಗೆ ಮಾರಾಯ್ರೇ?

ನಮ್ಮ ರೋಗ ನಿರೋಧಕ ವ್ಯವಸ್ಥೆ ಪಾಠ ಕಲಿಯುವುದು ಹೇಗೆ? ಬ್ಯಾಕ್ಟೀರಿಯಾ, ವೈರಸ್ ಒಳಗೆ ಬಂದಾಗ ಅದರ ಪ್ರೋಟೀನಿನ ಒಂದು ತುಂಡನ್ನು ಗುರುತು ಹಿಡಿದು, ನೆನಪಿಟ್ಟುಕೊಂಡು, ಮುಂದಿನ ಸಲ ಅದು ಬಂದ ಕೂಡಲೇ ಹೊಡೆಯುತ್ತದೆ. ಲಸಿಕೆ ಕೆಲಸ ಮಾಡುವುದೂ ಹೀಗೇ. ಈಗ ಡೀಸೆಲ್ ಮಸಿ ತಗೊಳ್ಳಿ. ಇಂಗಾಲದ ಕಣ, ಅದಕ್ಕೆ ಅಂಟಿಕೊಂಡ ಲೋಹ, ಸುಟ್ಟೂ ಸುಡದ ಎಣ್ಣೆಯ ರಾಸಾಯನಿಕ. ಅದರಲ್ಲಿ ನೆನಪಿಟ್ಟುಕೊಳ್ಳುವುದಕ್ಕೆ ಏನುಂಟು? ಅದನ್ನು ಕೊಲ್ಲಲು ಆಗುವುದಿಲ್ಲ, ಅದಕ್ಕೆ ಜೀವವೇ ಇಲ್ಲ. ಹತ್ತು ವರ್ಷ ಕುಡಿದರೂ ಹನ್ನೊಂದನೇ ವರ್ಷಕ್ಕೆ ದೇಹ ಒಂದಿಷ್ಟೂ ಜಾಣ ಆಗಿರುವುದಿಲ್ಲ.

ಆಗುವುದು ಉಲ್ಟಾ. ದಪ್ಪ ಹುಡಿ ಮೂಗಿನಲ್ಲೋ ಶ್ವಾಸನಾಳದಲ್ಲೋ ಸಿಂಬಳಕ್ಕೆ ಅಂಟಿಕೊಳ್ಳುತ್ತದೆ, ಅಲ್ಲಿನ ಸಣ್ಣ ಸಣ್ಣ ರೋಮಗಳು ಅದನ್ನು ಮೇಲಕ್ಕೆ ದೂಡುತ್ತವೆ, ನಾವು ಕೆಮ್ಮಿ ಉಗುಳುತ್ತೇವೆ. ಪಿಎಂ 2.5 ಎನ್ನುವ ಕಣ ಕೂದಲಿನ ದಪ್ಪದ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಸಣ್ಣದು, ಸೀದಾ ಶ್ವಾಸಕೋಶದ ತುದಿಯ ಗಾಳಿಚೀಲಗಳಿಗೇ ಇಳಿಯುತ್ತದೆ. ಅಲ್ಲಿ ರೋಮಗಳಿಲ್ಲ. ಕಾವಲಿಗೆ ಇರುವುದು ಮ್ಯಾಕ್ರೋಫೇಜ್ ಎಂಬ ಜೀವಕೋಶ. ಬ್ಯಾಕ್ಟೀರಿಯಾ ಆದರೆ ಅದು ನುಂಗಿ ಅರಗಿಸಿಕೊಳ್ಳುತ್ತದೆ. ಮಸಿ ನುಂಗಿದರೆ ಕಲ್ಲು ನುಂಗಿದ ಹಾಗೆ. ಅರಗುವುದೂ ಇಲ್ಲ, ಸುಲಭಕ್ಕೆ ಹೊರಗೆ ಹೋಗುವುದೂ ಇಲ್ಲ. ಅದು ಸಿಟ್ಟಿನಿಂದ ಉರಿಯೂತದ ರಾಸಾಯನಿಕಗಳನ್ನು ಕಾರುತ್ತದೆ, ಸುತ್ತಲಿನ ಭಾಗ ಊದಿಕೊಳ್ಳುತ್ತದೆ. ಅಷ್ಟರಲ್ಲಿ ನಿಜವಾದ ರೋಗಾಣು ಬಂದರೆ ಹೊಟ್ಟೆ ತುಂಬಿದ ಈ ಕಾವಲುಗಾರನಿಗೆ ಅದನ್ನು ಹಿಡಿಯುವ ಶಕ್ತಿ ಕಡಿಮೆ. ಕೆಟ್ಟ ಗಾಳಿ ಇರುವಲ್ಲಿ ನ್ಯುಮೋನಿಯಾ, ಎದೆ ಕಫ ಜಾಸ್ತಿ ಆಗುವುದಕ್ಕೆ ಇದೂ ಒಂದು ಕಾರಣ.

2022ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ಅಂಗದಾನಿಗಳ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್, ರೋಗ ನಿರೋಧಕ ಜೀವಕೋಶಗಳು ಸೇರುವ ಸಣ್ಣ ಗಂಟುಗಳು) ನೋಡಿದರು. ವಯಸ್ಸಾದವರಲ್ಲಿ ಶ್ವಾಸಕೋಶದ ಪಕ್ಕದ ಗ್ರಂಥಿಗಳು ಮಸಿ ತುಂಬಿ ಕಪ್ಪಾಗಿದ್ದವು, ಅದೇ ವ್ಯಕ್ತಿಯ ಕರುಳಿನ ಪಕ್ಕದವು ಸಾಮಾನ್ಯ ಬಣ್ಣದಲ್ಲೇ ಇದ್ದವು. ಮಸಿ ತುಂಬಿದ ಮ್ಯಾಕ್ರೋಫೇಜ್‌ಗಳ ಕೆಲಸವೂ ಕುಂಠಿತವಾಗಿತ್ತು. ಇವರು ಬೀಡಿ ಸಿಗರೇಟು ವಿಪರೀತ ಸೇದಿದವರಲ್ಲ.

ಇನ್ನು 'ಗಟ್ಟಿಯಾಗುತ್ತದೆ' ಎನ್ನುವ ಮಾತು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಶ್ವಾಸಕೋಶದ ಬೆಳವಣಿಗೆಯನ್ನು ವರ್ಷಗಟ್ಟಲೆ ಅಳೆದರು. ಗಾಳಿ ಕೆಟ್ಟ ಊರುಗಳಲ್ಲಿ ಬೆಳವಣಿಗೆ ಕಡಿಮೆ. ಮುಂದೆ ಅಲ್ಲಿನ ಗಾಳಿ ಸುಧಾರಿಸಿದಾಗ ಆಮೇಲಿನ ಮಕ್ಕಳಲ್ಲಿ ಬೆಳವಣಿಗೆಯೂ ಸುಧಾರಿಸಿತು. ಗಟ್ಟಿಯಾಗುವ ಹಾಗಿದ್ದರೆ ಲೆಕ್ಕ ತಿರುಗಿ ಬರಬೇಕಿತ್ತು ಅಲ್ವಾ? ಹಾಗಾದರೆ 'ಅಭ್ಯಾಸ' ಆದ ಹಾಗೆ ಅನಿಸುವುದು ಯಾಕೆ? ಮೂಗಿನಿಂದಾಗಿ. ಒಂದೇ ವಾಸನೆ ಸ್ವಲ್ಪ ಹೊತ್ತು ಬಂದರೆ ಮೂಗು ಅದನ್ನು ಹೇಳುವುದನ್ನೇ ಬಿಡುತ್ತದೆ. ಒಣಮೀನಿನ ಅಂಗಡಿಯವರನ್ನು ಕೇಳಿ ನೋಡಿ.

"ನಮಗೆ ಸಮುದ್ರ ಉಂಟಲ್ಲ, ನಾವೇನು ದೆಹಲಿಯವರಾ" ಎನ್ನುವವರಿಗೂ ಎರಡು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಗಾಳಿಯನ್ನು ಚೆನ್ನಾಗಿ ತೊಳೆಯುತ್ತದೆ, ಹಗಲಿನ ಕಡಲಗಾಳಿಯೂ ಸಹಾಯ ಮಾಡುತ್ತದೆ. ಆದರೆ ಡಿಸೆಂಬರ್, ಜನವರಿಯ ರಾತ್ರಿ ಗಾಳಿ ತಿರುಗಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ, ನೆಲ ತಣ್ಣಗಾಗಿ ಹೊಗೆ ಮೇಲೇಳದೆ ಕೆಳಗೇ ಕೂರುತ್ತದೆ. ವರ್ಷದ ಸರಾಸರಿ ಪಿಎಂ 2.5ಕ್ಕೆ ನಮ್ಮ ದೇಶದ ಮಿತಿ ಒಂದು ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ನಮ್ಮ ಮಿತಿಯೊಳಗೆ ಇದ್ದೇವೆ ಎಂದರೆ ಏನೂ ಆಗುವುದಿಲ್ಲ ಎಂದು ಅರ್ಥವಲ್ಲ.

ನಿಮ್ಮ ಮಗನಿಗೆ ಆಗಾಗ ಕೆಮ್ಮು ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಪಫ್ (ಇನ್‌ಹೇಲರ್) ಕೊಟ್ಟರೆ 'ಅದು ಚಟ ಆಗುತ್ತದೆ' ಎಂದು ನಿಲ್ಲಿಸಬೇಡಿ. ಮುಖಕ್ಕೆ ಬೈರಾಸು (ಟವೆಲ್) ಸುತ್ತಿಕೊಂಡರೆ ಸಣ್ಣ ಕಣ ನಿಲ್ಲುವುದಿಲ್ಲ, ಎನ್95 ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತರೆ ನಿಲ್ಲುತ್ತದೆ. ಬೆಲ್ಲ ಶ್ವಾಸಕೋಶದ ಹುಡಿ ತೊಳೆಯುತ್ತದೆ ಎನ್ನುವವರಿದ್ದಾರೆ, ಆದರೆ ಬೆಲ್ಲ ತಿನ್ನಿಸಿದರೆ ಅದು ಹೊಟ್ಟೆಗೆ ಹೋಗುತ್ತದೆ, ಶ್ವಾಸಕೋಶಕ್ಕಲ್ಲ.

ನೀವು ಕೇಳದ ಒಂದು ವಿಷಯ ಉಳಿದಿದೆ. ಯಾರೂ ಕೇಳುವುದಿಲ್ಲ, ಯಾಕೆಂದರೆ ಲಾರಿ ಬೇರೆಯವರದ್ದು, ಬಚ್ಚಲ ಒಲೆ ನಮ್ಮದು! ಸ್ನಾನದ ಹಂಡೆಗೆ ಬೆಂಕಿ ಹಿಡಿಸಲು ಹಾಲಿನ ಪ್ಯಾಕೆಟ್ ಹಾಕುವುದು, ಅಂಗಳ ಗುಡಿಸಿ ತರಗೆಲೆಯ ಜೊತೆ ಪ್ಲಾಸ್ಟಿಕ್ಕನ್ನೂ ಸುಡುವುದು, ಇವು ಎಷ್ಟು ಮನೆಗಳಲ್ಲಿ ಇಲ್ಲ ಹೇಳಿ? ಸೊಳ್ಳೆ ಕಾಯಿಲ್ ಇನ್ನೊಂದು. 2003ರ ಒಂದು ಅಧ್ಯಯನದಲ್ಲಿ ಒಂದು ಕಾಯಿಲ್ ಪೂರ್ತಿ ಉರಿದಾಗ ಬಂದ ಪಿಎಂ 2.5, 75ರಿಂದ 137 ಸಿಗರೇಟು ಉರಿದಷ್ಟಿತ್ತು. ಮಲೇರಿಯಾ ಕಂಡ ಊರು ನಮ್ಮದು, ಸೊಳ್ಳೆ ಕಚ್ಚಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಸೊಳ್ಳೆಪರದೆ ಕಟ್ಟಿ, ಕಿಟಕಿಗೆ ಜಾಲರಿ ಹಾಕಿಸಿ. ಬಾಗಿಲು ಮುಚ್ಚಿ ಕಾಯಿಲ್ ಹಚ್ಚಿ ಮಗುವನ್ನು ಮಲಗಿಸುವುದು ಮಾತ್ರ ಬೇಡ. ಅಗರಬತ್ತಿಯ ಹೊಗೆ ಪರವಾಗಿಲ್ವಾ ಎಂದು ಇನ್ನು ಯಾರಾದರೂ ಕೇಳುತ್ತಾರೆ. ಅದೂ ಹೊಗೆಯೇ.