ಮನೆಯ ಅಪಾಯಕಾರಿ ರಾಸಾಯನಿಕಗಳನ್ನು ವಿಲೇವಾರಿಗೆ ಕಟ್ಟಿಡುವ ಬಗೆ

ಬಣ್ಣದ ಡಬ್ಬ, ಕೀಟನಾಶಕದ ಕ್ಯಾನು, ಟ್ಯೂಬ್‌ಲೈಟ್, ಅವಧಿ ಮೀರಿದ ಔಷಧ, ಬಳಸಿದ ಬ್ಯಾಟರಿ ಮುಂತಾದವನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಗೃಹ ಅಪಾಯಕಾರಿ ತ್ಯಾಜ್ಯವೆಂಬ ಒಂದೇ ವರ್ಗದಲ್ಲಿ ಸೇರಿಸಿದ್ದವು. ವರ್ಗ ಒಂದೇ ಆದರೂ ಚೀಲ ಒಂದೇ ಆಗಕೂಡದು. ಯಾವುದೇ ಎರಡು ವಸ್ತುಗಳನ್ನು ಒಟ್ಟಿಗೆ ಇಡುವ ಮುನ್ನ, ಎರಡೂ ಸೋರಿ ಬೆರೆತರೆ ಏನಾದೀತು ಎಂದು ಕೇಳಿಕೊಂಡರೆ ಅರ್ಧ ಪಾಠ ಕಲಿತಂತೆ.

ಬಚ್ಚಲುಮನೆಯ ಗೂಡನ್ನೇ ನೋಡೋಣ. ಟಾಯ್ಲೆಟ್ ತೊಳೆಯುವ ಆಸಿಡ್‌ನಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ. ಬ್ಲೀಚಿಂಗ್ ಪೌಡರ್‌ನ ಮುಖ್ಯ ಅಂಶ ಕ್ಯಾಲ್ಸಿಯಂ ಹೈಪೋಕ್ಲೋರೈಟ್. ಇವೆರಡೂ ಕೂಡಿದರೆ ಹೊರಡುವುದು ಕ್ಲೋರಿನ್, ಅಂದರೆ ಮೊದಲನೆಯ ಮಹಾಯುದ್ಧದಲ್ಲಿ 1915ರಲ್ಲಿ ಸೈನಿಕರ ಮೇಲೆ ಬಿಟ್ಟ ಅದೇ ಅನಿಲ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ್ದರಿಂದ ಅದು ನೆಲದ ಮಟ್ಟದಲ್ಲಿಯೇ ತಂಗುತ್ತದೆ. ಆದ್ದರಿಂದ ಇವೆರಡನ್ನೂ ಬೇರೆ ಬೇರೆ ಬಕೆಟ್‌ಗಳಲ್ಲಿ, ದೂರ ದೂರ ಇಡಬೇಕು. ಆಸಿಡ್ ಕಬ್ಬಿಣವನ್ನು ತಿಂದು ಹೈಡ್ರೋಜನ್ ಬಿಡುವುದರಿಂದ ಅದಕ್ಕೆ ತಗಡಿನ ಡಬ್ಬ ಸಲ್ಲದು. ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ ಸುತ್ತಲೂ ಒಣ ಮರಳು ತುಂಬಿದ ಪ್ಲಾಸ್ಟಿಕ್ ಬಕೆಟ್ ಸಾಕು. ಬ್ಲೀಚಿಂಗ್ ಪೌಡರ್ ಸುತ್ತ ಮಾತ್ರ ಮರದ ಹೊಟ್ಟಾಗಲಿ ಹಳೆಯ ಪೇಪರಾಗಲಿ ತುರುಕಬಾರದು, ಏಕೆಂದರೆ ಅದು ಪ್ರಬಲ ಉತ್ಕರ್ಷಕ, ಅಂದರೆ ಬೇರೆ ವಸ್ತುಗಳು ಉರಿಯಲು ನೆರವಾಗುವಂಥದ್ದು. ಬೆಂಕಿ ಹತ್ತಬಲ್ಲ ವಸ್ತು ಅದರ ಹತ್ತಿರ ಇರಕೂಡದು. ಥಿನ್ನರ್, ಟರ್ಪೆಂಟೈನ್, ಸೀಮೆಎಣ್ಣೆಗಳನ್ನೂ ಅದರಿಂದ ದೂರವೇ ಇಡಬೇಕು.

ಮೂಲ ಡಬ್ಬವನ್ನು ಬದಲಿಸದಿರುವುದು ಲೇಸು. ತಳ್ಳುಗಾಡಿಯಲ್ಲಿ ಕೊಂಡ ಆಸಿಡ್ ನೀರಿನ ಬಾಟಲಿಯಲ್ಲಿಯೇ ಬಂದಿದ್ದರೆ, ಅದರ ಮೇಲೆ ಅಳಿಸದ ಮಾರ್ಕರ್‌ನಿಂದ ‘ಆಸಿಡ್, ವಿಷ’ ಎಂದು ದಪ್ಪಕ್ಷರದಲ್ಲಿ ಬರೆಯಲೇಬೇಕು. ಬಾಯಾರಿದವರ ಕೈಗೆ ಸಿಗುವ ಅಪಾಯ ಇಲ್ಲಿ ಎಲ್ಲಕ್ಕಿಂತ ಹೆಚ್ಚು.

ದವಸಕ್ಕೆ ಹುಳು ಹಿಡಿಯದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳ ಸಂಗತಿಯೇ ಬೇರೆ. ಗಾಳಿಯ ತೇವವೊಂದೇ ಸಾಕು, ಪ್ರಾಣಾಂತಕ ಫಾಸ್ಫೀನ್ ಅನಿಲ ಹೊರಡುತ್ತದೆ. ಉಳಿದ ಗುಳಿಗೆಗಳನ್ನು ನೀರಿಗೆ ಹಾಕುವುದಾಗಲಿ, ಮುಚ್ಚಳ ತೆಗೆದು ಎಣಿಸುವುದಾಗಲಿ ಸಲ್ಲದು. ಮಲಗುವ ಮನೆಯಿಂದ ದೂರದ, ಗಾಳಿಯಾಡುವ ಒಣ ಜಾಗದಲ್ಲಿ ಬೀಗ ಹಾಕಿಟ್ಟು, ಮಾರಿದ ಅಂಗಡಿಯಲ್ಲಿ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು.

ಬ್ಯಾಟರಿಗಳ ತುದಿಗೆ ಟೇಪು ಅಂಟಿಸಿದರೆ ಶಾರ್ಟ್ ಆಗದು. ಟ್ಯೂಬ್‌ಲೈಟನ್ನು ಅದರ ರಟ್ಟಿನ ಕವಚದಲ್ಲಿಯೇ ಇಡಬೇಕು. ಕಟ್ಟಿದ್ದನ್ನು ಕಸದ ಆಟೋದ ಮೂಲೆಗೆ ಎಸೆಯದೆ, ಒಳಗೇನಿದೆ ಎಂದು ಪೌರಕಾರ್ಮಿಕರಿಗೆ ಬಾಯಿಬಿಟ್ಟು ಹೇಳಿ ಪ್ರತ್ಯೇಕವಾಗಿ ಕೈಗೆ ಕೊಡಬೇಕು. ಹಸಿ ಕಸದೊಡನೆ ಹೋದ ಬಾಟಲಿ ಕಸವನ್ನು ಒತ್ತಿ ಅದುಮುವ ಕಾಂಪ್ಯಾಕ್ಟರ್ ಲಾರಿಯಲ್ಲಿ ಒಡೆದಾಗ ಪಕ್ಕದಲ್ಲಿ ನಿಂತಿರುವವರು ಅವರೇ.